ಬ್ಲೂಟೂತ್ ಇಲ್ಲದ್ದು ಕೊಡಿ

ಆ ಶನಿವಾರ ಅಮೆರಿಕದ ನಮ್ಮ ಫ್ರೀಮಾಂಟ್ ಮನೆಯ ಹಾಲಿನಲ್ಲಿ ರಾಯರೂ ಅವರ ಹೆಂಡತಿಯೂ ಕೂತಿದ್ದರು. ಆಕೆಯ ತೊಡೆಯ ಮೇಲೆ ಸ್ಟೀಲ್ ಡಬ್ಬ, ಅದರೊಳಗೆ ಹೆಸರುಬೇಳೆ ಕೋಸಂಬರಿ. ನನ್ನಾಕೆ ಸೀರೆ ಬದಲಿಸಲು ಮಹಡಿಗೆ ಹೋಗಿದ್ದಳು. ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದ ಅಪ್ಪ, ಹವೆಯ ಮಾತು ಮುಗಿಸಿ ಮಂಡಿನೋವಿಗೆ ಬರುತ್ತಿದ್ದರು. ಅಷ್ಟರಲ್ಲಿ ಟೀವಿ ಕೆಳಗಿನ ಸ್ಪೀಕರಿನಿಂದ ಹಾಸನದ ನನ್ನ ನಾದಿನಿಯ ದನಿ ಗುಡುಗಿತು:

"ಲೇ ಅಕ್ಕ, ಇವತ್ತೂ ಆ ಗಂಡ ಹೆಂಡ್ತಿ ಬರ್ತಾರೇನೇ? ಒಂದು ಹಿಡಿ ಕೋಸಂಬರಿ ತಂದು, ಹೋಗ್ತಾ ಮೂರು ಡಬ್ಬ ತುಂಬಿಸ್ಕೊಂಡು ಹೋದ್ರಲ್ಲ, ಅವರು?"

ವಾಟ್ಸ್ಆ್ಯಪ್ ದನಿ ಸಂದೇಶ. ಮೇಲಿದ್ದವಳ ಫೋನಿನಲ್ಲಿ ಸದ್ದೇ ಬರಲಿಲ್ಲ. ಬರಬೇಕಾದ್ದೆಲ್ಲ ಕೆಳಗೆ ಬರುತ್ತಿತ್ತು. ಹಾಗಾಗಿ ಅವಳು ವಾಲ್ಯೂಮ್ ಪೂರ್ತಿ ಏರಿಸಿ, ಮೊದಲಿನಿಂದ ಹಾಕಿದಳು.

ಎರಡನೇ ಸಲದ ಕೋಸಂಬರಿಗೆ ಶೋಕೇಸಿನ ಗಾಜು ನಡುಗಿತು. ನಾನು ಸ್ಪೀಕರಿನ ಬಟನ್ ಹುಡುಕಿದೆ. ಅದಕ್ಕೆ ಬಟನ್ ಇಲ್ಲ, ಸವರಬೇಕಂತೆ. ಸವರಿದೆ. ದನಿ ಇನ್ನೂ ಏರಿತು. ರಾಯರ ಹೆಂಡತಿ ಡಬ್ಬವನ್ನು ಟೀಪಾಯಿ ಮೇಲೆ ಇಡುವುದೋ ಬೇಡವೋ ತಿಳಿಯದೆ ಗಾಳಿಯಲ್ಲೇ ಹಿಡಿದಿದ್ದರು. ಕೊನೆಗೆ ಅಪ್ಪ ಎದ್ದು ಹೋಗಿ ಗೋಡೆಯ ಪ್ಲಗ್ ಕಿತ್ತರು.

ಅಪ್ಪ ಕೆಇಬಿಯಲ್ಲಿ ದುಡಿದು ನಿವೃತ್ತರಾದವರು. 1999ರಲ್ಲಿ ಅದು ಕೆಪಿಟಿಸಿಎಲ್ ಆಯಿತು. ಅಪ್ಪನ ಬಾಯಲ್ಲಿ ಮಾತ್ರ ಇನ್ನೂ ಆಗಿಲ್ಲ. ಅತಿಥಿಗಳು ಊಟದ ಶಾಸ್ತ್ರ ಮುಗಿಸಿ, ಡಬ್ಬ ತುಂಬಿಸಿಕೊಳ್ಳದೆ ಹೊರಟುಹೋದ ಮೇಲೆ ಅವರು ತೀರ್ಪು ಕೊಟ್ಟರು: "ತಂತಿ ಇದ್ರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಕಣ್ಣಿಗೆ ಕಾಣುತ್ತೆ ಕಣೋ. ಇದು ಯಾವಾಗ ಯಾರ ಜೊತೆ ಸೇರ್ಕೊಳ್ಳುತ್ತೋ ಯಾರಿಗೆ ಗೊತ್ತು? ನಮ್ಮ ದೊಡ್ಡಪ್ಪನ ಮಗನ ಥರ."

ಈ ಮಾತು ಹೇಳಿದವರ ಮನೆ ಇರುವುದು ಒಂಟಿಕೊಪ್ಪಲಿನಲ್ಲಿ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದ್ದು ಅದೇ ಬಡಾವಣೆಯಲ್ಲಿ. ಮುಂದೆ ಇಡೀ ದೇಶಕ್ಕೇ ಸಂದ 'ಆಕಾಶವಾಣಿ' ಎಂಬ ಹೆಸರೂ ಮೈಸೂರಿನದೇ. ಅಂಥ ಊರಿನವರು ನಿಸ್ತಂತುವಿಗೆ ಹೀಗೆ ಬೆನ್ನು ತಿರುಗಿಸುವುದೇ ಎಂದು ಕೆಣಕಿದೆ. "ಆಕಾಶವಾಣಿ ನಮ್ಮನೆ ವಿಷಯ ಹೇಳ್ತಿರಲಿಲ್ಲ" ಎಂದರು.

ಮಗ ಮಧ್ಯೆ ಬಾಯಿ ಹಾಕಿದ. ಬ್ಲೂಟೂತ್ ಎಂಬುದು ಹತ್ತನೇ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರಂತೆ. ಒಡೆದುಹೋಗಿದ್ದ ನಾಡನ್ನು ಒಂದುಮಾಡಿದವನು ಅಂತ ಅವನ ಹೆಸರಿಟ್ಟರಂತೆ. "ಇಲ್ಲಿ ಬಂದು ರಾಯರ ಮನೇನ ನಮ್ಮಿಂದ ಒಡೆದ" ಎಂದು ನನ್ನಾಕೆ ಅಡುಗೆಮನೆಯಿಂದಲೇ ಕೂಗಿದಳು. "ರೀ, ನಾಳೇನೇ ಅದನ್ನ ಆಚೆ ಹಾಕಿ. ಇನ್ನು ಈ ಮನೆಗೆ ಏನೇ ಬಂದ್ರೂ ಅದರಲ್ಲಿ ಬ್ಲೂಟೂತ್ ಇರಕೂಡದು!"

ಹೇಳುವುದು ಸುಲಭ. ವಿದೇಶದ ಹೋಟೆಲಿನಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಕೇಳಿ ನೋಡಿದವರಿಗೆ ನನ್ನ ಕಷ್ಟ ಅರ್ಥವಾಗುತ್ತದೆ. 'ಬ್ಲೂಟೂತ್ ಇಲ್ಲದ ಆಂಪ್ಲಿಫೈಯರ್' ಎಂದು ಕಂಪ್ಯೂಟರಿನಲ್ಲಿ ಹುಡುಕಿದರೆ, ಅದಕ್ಕೆ 'ಬ್ಲೂಟೂತ್' ಅಷ್ಟೇ ಕಿವಿಗೆ ಬೀಳುತ್ತದೆ. ಇರುವುದನ್ನೆಲ್ಲ ತಂದು ಸುರಿಯುತ್ತದೆ. ಅಂಗಡಿಯ ಹುಡುಗನಂತೂ ನನ್ನನ್ನು ಕನಿಕರದಿಂದ ನೋಡಿ, ಇದ್ದರೇನು, ಬೇಡದಿದ್ದರೆ ಆಫ್ ಮಾಡಿಡಿ ಎಂದ. ನಮ್ಮದೂ ಆಫ್ ಆಗಿಯೇ ಇತ್ತು ಮಾರಾಯ. ಗುರುತಿನ ಫೋನ್ ಹತ್ತಿರ ಬಂದರೆ ಅದು ತಾನೇ ಎಚ್ಚರವಾಗುತ್ತದೆ, ಹಾಲಿನ ಪಾತ್ರೆ ಸದ್ದಿಗೆ ಬೆಕ್ಕು ಎದ್ದ ಹಾಗೆ.

ಹಟಕ್ಕೆ ಬಿದ್ದು ಓದಿದೆ. ಯಮಹಾದ ಆರ್-ಎಸ್202ರಲ್ಲಿ ಬ್ಲೂಟೂತ್ ಇದೆ, ಎ-ಎಸ್201ರಲ್ಲಿ ಇಲ್ಲ. ನೋಡಲು ಎರಡೂ ಅಕ್ಕತಂಗಿಯರು. ಒಂದಕ್ಷರ, ಒಂದಂಕಿ ತಪ್ಪಿ ಆರ್ಡರ್ ಮಾಡಿದರೆ ನಾದಿನಿ ಮತ್ತೆ ಹಾಲಿಗೆ ಬಂದಂತೆ. ಎ-ಎಸ್201ಕ್ಕೆ ದುಡ್ಡು ಕಟ್ಟುವುದರಲ್ಲಿದ್ದೆ. ಅಷ್ಟರಲ್ಲಿ ಬೆಳಗಿನ ವಾಕಿಂಗಿಗೆ ಹೋಗಿದ್ದ ಅಪ್ಪ ಹಿಂದಿನ ಬೀದಿಯಿಂದ ಫೋನ್ ಮಾಡಿದರು. ಯಾರದೋ ಗರಾಜ್ ಸೇಲ್. "ಕಾರು ತಗೊಂಡು ಬಾ. ಹಿಂದೆಲ್ಲ ಬರೀ ತೂತುಗಳೇ ಇರೋ ಪೆಟ್ಟಿಗೆ ಸಿಕ್ಕಿದೆ."

ಎನ್ಎಡಿ 3020. 1978ರಲ್ಲಿ ಬಂದ ಮಾದರಿ, ಒಂದೊಂದು ಚಾನೆಲಿಗೆ ಇಪ್ಪತ್ತೇ ವ್ಯಾಟ್, ಆದರೂ ಹಾಡು ಕೇಳುವ ಹುಚ್ಚಿನವರು ಇಂದಿಗೂ ಹೆಸರು ಹೇಳುವಂಥದು. ಇದರಲ್ಲಿ ಬ್ಲೂಟೂತ್ ಇದೆಯೇ ಎಂದು ಕೇಳಿದೆ. ಮಾರುತ್ತಿದ್ದ ಮುದುಕ ಅಳುಕುತ್ತ ಇಲ್ಲ ಎಂದ. ಅವನ ಎರಡೂ ಕೈ ಹಿಡಿದು ಕುಲುಕಿದೆ. ಜೋಡಿ ಸ್ಪೀಕರೂ ಸೇರಿ ನಲವತ್ತು ಡಾಲರ್.

ತಂತಿ ಜೋಡಿಸುವ ಕೆಲಸ ಅಪ್ಪನದು. ಟಾರ್ಚು ಹಿಡಿಯುವುದು ನನ್ನದು. ನಲವತ್ತೇಳರ ವಯಸ್ಸಿನಲ್ಲೂ ಟಾರ್ಚು ಸರಿಯಾಗಿ ಹಿಡಿಯಲು ಬರುವುದಿಲ್ಲ ಎಂದು ಬೈಸಿಕೊಂಡೆ. ಬೇಸತ್ತು ಎಡಗಡೆಯ ಸ್ಪೀಕರನ್ನು ನಾನೇ ಸಿಕ್ಕಿಸಿದೆ. ಅಪ್ಪ ಊರಿನಿಂದ ತಂದಿದ್ದ 'ನಿತ್ಯೋತ್ಸವ' ಕ್ಯಾಸೆಟ್ಟನ್ನು ವಾಕ್‌ಮನ್‌ಗೆ ಹಾಕಿ, ಅದರ ವೈರನ್ನು ಟೇಪ್ ಎಂದು ಬರೆದ ತೂತಿಗೆ ಕೊಟ್ಟರು. ಅದೂ 1978ರದೇ. ಹಾಡು ಬಂತು, ಆದರೆ ಮಜ್ಜಿಗೆಗೆ ನೀರು ಹೆಚ್ಚಾದ ಹಾಗೆ. ತಬಲದ ಎಡದ ಗುಮುಕೇ ಇಲ್ಲ, ದನಿ ಎಲ್ಲಿಂದ ಬರುತ್ತಿದೆ ಅಂತಲೂ ತಿಳಿಯದು. ಅಪ್ಪ ಕಣ್ಣು ಮುಚ್ಚಿ ಕೇಳಿ, "ಎಡಗಡೆ ಕೆಂಪು ಕಪ್ಪು ಅದಲುಬದಲು" ಎಂದರು. ಎದ್ದು ನೋಡಿದರೆ ಹೌದು. "ಒಂದು ಸ್ಪೀಕರ್ ಗಾಳೀನ ನೂಕುವಾಗ ಇನ್ನೊಂದು ಎಳೀತಿದ್ರೆ ಗುಮುಕು ಎಲ್ಲಿಂದ ಬರಬೇಕು?" ಎಂದು ನಮ್ಮಿಬ್ಬರನ್ನೂ, ಅಂದರೆ ನನ್ನನ್ನೂ ನನ್ನಾಕೆಯನ್ನೂ, ಒಮ್ಮೆ ನೋಡಿದರು. ತಿರುಗಿಸಿ ಹಾಕಿದ ಮೇಲೆ ಮೈಸೂರು ಅನಂತಸ್ವಾಮಿ ಟೀವಿಯ ನಟ್ಟನಡುವೆ ಬಂದು ನಿಂತರು.

ಹೊರಡುವಾಗ ಅಪ್ಪನಿಗೆ ಅದನ್ನು ಊರಿಗೆ ಒಯ್ಯುವ ಆಸೆ. ಇಲ್ಲಿಯದು 120 ವೋಲ್ಟ್, ಅಲ್ಲಿಯದು 230. ಕೆಇಬಿಯವರಿಗೆ ನಾನು ಹೇಳಬೇಕಾಗಲಿಲ್ಲ. ಮಿಕ್ಕ ಸ್ಪೀಕರ್ ವೈರಿನ ಸುರುಳಿಯನ್ನಷ್ಟೇ ಸೂಟ್‌ಕೇಸಿಗೆ ಹಾಕಿಕೊಂಡರು.

ಅವರು ಹೋಗಿ ಮೂರು ವಾರವಾಗಿತ್ತು. ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ತೂಕಡಿಸುತ್ತಿದ್ದೆ. ಎರಡೂ ಸ್ಪೀಕರುಗಳಿಂದ, ಗುಮುಕು ಸಮೇತ, ಅಪ್ಪನ ದನಿ ಬಂತು: "ನೋಡಮ್ಮ, ನಾನು ಹೇಳೋದು ನಮ್ಮಲ್ಲೇ ಇರಲಿ..."

ಎದ್ದು ಆಂಪ್ಲಿಫೈಯರಿನ ಹಿಂದೆ ಬಗ್ಗಿದೆ. ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಅದರ ಮೇಲೆ ನೀಲಿ ದೀಪ, ಅದರಿಂದ ಹೊರಟ ಕೆಂಪು ಬಿಳಿ ವೈರು ನೇರ ಆಕ್ಸ್ ಎಂದು ಬರೆದ ತೂತಿಗೆ. ಸೋಫಾದ ಆ ತುದಿಯಿಂದ ಮಗ ತಲೆ ಎತ್ತದೆ ಹೇಳಿದ: "ಬ್ಲೂಟೂತ್ ರಿಸೀವರ್, ಅಪ್ಪ. ಅಡುಗೆ ಮಾಡ್ತಾ ಹಾಡು ಬೇಕು ಅಂತ ಅಮ್ಮಾನೇ ಹಾಕಿಸ್ಕೊಂಡ್ರು. ಖಾಲಿ ತೂತು ಬಿಟ್ಟರೆ ಧೂಳು ಕೂರುತ್ತೆ ಅಂತ ತಾತಾನೂ ಹೇಳಿದ್ರು."

ಕೀಳಲು ಕೈಹಾಕಿದೆ.

"ಅವನಿಗೆ ಗೊತ್ತಾಗೋದು ಬೇಡ. ನಿನ್ನೆ ದೇವರಾಜ ಅರಸ್ ರಸ್ತೇಲಿ ಒಂದು ಬ್ಲೂಟೂತ್ ಸ್ಪೀಕರ್ ತಗೊಂಡೆ. ವಾಕಿಂಗಿಗೆ ಬೇಕಿತ್ತು. ಈಗ ಅದು ನನ್ನ ಫೋನ್ ಬಿಟ್ಟು ಎದುರುಮನೆಯವರ ಫೋನಿಗೆ ಸೇರ್ಕೊಂಡಿದೆ. ಬಿಡಿಸೋದು ಹೇಗೆ ಅಂತ ಮೊಮ್ಮಗನ್ನ ಕೇಳಿ ಹೇಳಮ್ಮ..."

ವೈರಿನ ಮೇಲಿಂದ ಕೈ ತೆಗೆದೆ. ಮಹಡಿಯ ಮೇಲೆ ನನ್ನಾಕೆಗೆ ಏನೂ ಕೇಳಿಸಿರಲಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿ, ಮೊದಲಿನಿಂದ ಹಾಕಿದಳು.