ಪಠ್ಯಪುಸ್ತಕನಿವಾಸಿಯಾದ ಆದರ್ಶ ವಿದ್ಯಾರ್ಥಿಗೆ ಒಂದು ಬಹಿರಂಗ ಪತ್ರ

ಮಹಾರಾಜಶ್ರೀ ಆದರ್ಶ ವಿದ್ಯಾರ್ಥಿಗಳ ಸನ್ನಿಧಿಗೆ,

ಕೊಪ್ಪಳ ಜಿಲ್ಲೆಯ ಭಾಗ್ಯನಗರದಿಂದ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕನೊಬ್ಬನು ಮಾಡುವ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವು ಕ್ಷೇಮದಿಂದಿರುವಿರೆಂಬುದರಲ್ಲಿ ನನಗೆ ಲವಲೇಶವೂ ಸಂದೇಹವಿಲ್ಲ. ಏಕೆಂದರೆ ವರ್ಷವರ್ಷವೂ ಅಚ್ಚಾಗಿ ಬರುವ ಪುಸ್ತಕಗಳಲ್ಲಿ ತಾವು ಸುಕ್ಕಿಲ್ಲದ ಅಂಗಿಯನ್ನು ತೊಟ್ಟು, ರಜೆಗೆ ಅಜ್ಜಿಯ ಊರಿಗೆ ಹೋಗಿ, ತೋಟದ ಮಾವಿನಹಣ್ಣುಗಳನ್ನು ತಂಗಿಯೊಡನೆ ಸರಿಸಮನಾಗಿ ಹಂಚಿಕೊಳ್ಳುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೇನೆ. ತಾವು ಮನೆಯಲ್ಲಿ ಆಡುವ ಕನ್ನಡಕ್ಕೂ ಪುಸ್ತಕದಲ್ಲಿ ಅಚ್ಚಾದ ಕನ್ನಡಕ್ಕೂ ಕೂದಲೆಳೆಯಷ್ಟೂ ಅಂತರವಿಲ್ಲ. ತಮ್ಮ ತಂದೆತಾಯಂದಿರು ಗುಳೆ ಹೋದುದನ್ನಾಗಲಿ, ತಾವು ಬೆಳಗ್ಗೆ ಏನನ್ನೂ ತಿನ್ನದೆ ಶಾಲೆಗೆ ಬಂದುದನ್ನಾಗಲಿ ಇದುವರೆಗೆ ಯಾವ ಪಾಠವೂ ವರದಿ ಮಾಡಿಲ್ಲ. ಪಾಠಕ್ರಮವೂ ಪ್ರಶ್ನಪತ್ರಿಕೆಯೂ ವೇಳಾಪಟ್ಟಿಯೂ ತಮ್ಮೊಬ್ಬರನ್ನೇ ಧ್ಯಾನದಲ್ಲಿರಿಸಿಕೊಂಡು ಸಿದ್ಧವಾಗುತ್ತಿರುವಾಗ, ಅಂತಹ ಮಹನೀಯರು ನನ್ನ ತರಗತಿಗೆ ಒಂದು ದಿನವಾದರೂ ಚಿತ್ತೈಸದಿರುವುದೇ ನನ್ನ ಏಕಮಾತ್ರ ದುಃಖವಾಗಿದೆ.

ತಮ್ಮ ಗೈರುಹಾಜರಿಯಲ್ಲಿ ಯಾರಾರು ಬಂದು ಕುಳಿತಿರುತ್ತಾರೆಂಬುದನ್ನು ಅರಿಕೆ ಮಾಡಿಕೊಳ್ಳುವೆನು. ನಮ್ಮ ಭಾಗ್ಯನಗರವು ಕೊಪ್ಪಳಕ್ಕೆ ರೈಲುಹಳಿಯಾಚೆಯ ನೆರೆಯೂರು. ಮಗ್ಗಕ್ಕೂ ಕೂದಲಿನ ವ್ಯಾಪಾರಕ್ಕೂ ಹೆಸರಾದುದು. ತೀರ್ಥಕ್ಷೇತ್ರಗಳಲ್ಲಿ ಭಕ್ತರು ಒಪ್ಪಿಸಿದ ಮುಡಿಯೂ, ಮನೆಮನೆಯ ಬಾಚಣಿಗೆಯಲ್ಲಿ ಉಳಿದ ಕೂದಲೂ ಇಲ್ಲಿಗೆ ಬಂದು, ಹೆಂಗಸರ ಬೆರಳುಗಳಲ್ಲಿ ಸಿಕ್ಕು ಬಿಡಿಸಿಕೊಂಡು, ಇಂಚಿನ ಲೆಕ್ಕದಲ್ಲಿ ಕಟ್ಟುಗಳಾಗಿ, ಪರದೇಶಗಳ ಶಿರಸ್ಸುಗಳನ್ನು ಅಲಂಕರಿಸಲು ಹೊರಡುತ್ತವೆ. ಹೀಗೆ ಕೂದಲು ವಿಂಗಡಿಸುವ ತಾಯಿಯ ಪಕ್ಕದಲ್ಲಿ ಕುಳಿತು ಅಳತೆಯನ್ನು ಕಣ್ಣಂದಾಜಿನಿಂದಲೇ ಹೇಳಬಲ್ಲ ಹುಡುಗಿಯು, ತಮ್ಮ ಮಾವಿನಹಣ್ಣಿನ ಲೆಕ್ಕದ ಮುಂದೆ ಮೂಕಳಾಗಿ ನಿಂತು, 'ಗಣಿತದಲ್ಲಿ ಹಿಂದುಳಿದವಳು' ಎಂಬ ಬಿರುದನ್ನು ಪಡೆಯುತ್ತಾಳೆ. ಅವಳ ಬಲಕ್ಕೆ ಮನೆಯಲ್ಲಿ ತೆಲುಗನ್ನಾಡುವ ನೇಕಾರರ ಮಗ. ಎಡಕ್ಕೆ ದಖನಿ ಉರ್ದುವಿನ ಹುಡುಗ. ಹಿಂದೆ ತಾಂಡಾದಿಂದ ಬಂದ, ತಾಯಿಯನ್ನು 'ಯಾಡಿ' ಎನ್ನುವ ಲಂಬಾಣಿ ಕೂಸು. ಬಾಗಿಲ ಬಳಿಯಲ್ಲಿ, ಗಿಣಿಗೇರಾದ ಕಾರ್ಖಾನೆಗೆ ದುಡಿಯಬಂದ, ಭೋಜಪುರಿಯನ್ನಾಡುವ ಬಿಹಾರದ ಕಾರ್ಮಿಕನ ಮಗ. ಉಳಿದವರು ಅಪ್ಪಟ ಕನ್ನಡದ ಮಕ್ಕಳೇ ಸರಿ. ಆದರೆ 'ಹೊಂಟೀನ್ರೀ' ಎಂದು ಬಾಯ್ತುಂಬ ನುಡಿಯುವ ಆ ಮಕ್ಕಳಿಗೂ ತಮ್ಮ 'ಹೋಗುತ್ತಿದ್ದೇನೆ'ಯು ಪರವೂರಿನ ನೆಂಟನಂತೆಯೇ ಕಾಣುತ್ತದೆ.

ಕಾನೂನು ಈ ಮಕ್ಕಳನ್ನು ಮರೆತಿದೆಯೆಂದು ಯಾರೂ ಆರೋಪಿಸಲಾರರು. 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯವನ್ನು ಕಲ್ಪಿಸಲು ಯತ್ನಿಸತಕ್ಕದ್ದೆಂದು ರಾಜ್ಯಗಳಿಗೆ ವಿಧಿಸಲಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಬೋಧನಮಾಧ್ಯಮವು ಮಗುವಿನ ಮಾತೃಭಾಷೆಯೇ ಆಗಿರಬೇಕೆಂದು ಘೋಷಿಸಿ, 'ಕಾರ್ಯಸಾಧ್ಯವಾದ ಮಟ್ಟಿಗೆ' ಎಂಬ ಸಣ್ಣದೊಂದು ಹಿತ್ತಿಲ ಬಾಗಿಲನ್ನೂ ತೆರೆದಿಟ್ಟಿತು. ಆ ಬಾಗಿಲಿನಿಂದ ಲಂಬಾಣಿಯೂ ಭೋಜಪುರಿಯೂ ಸದ್ದಿಲ್ಲದೆ ಹೊರನಡೆದುವು. ಈಗ ಆ ಭಾಷೆಗಳಿಗೆ ಶಾಲೆಯಲ್ಲಿ ಉಳಿದಿರುವ ಆಸ್ತಿಯೆಂದರೆ ದಾಖಲಾತಿ ಪುಸ್ತಕದ 'ಮಾತೃಭಾಷೆ' ಎಂಬ ಅಂಕಣ ಒಂದೇ. ಅದನ್ನು ಜೂನ್ ತಿಂಗಳಲ್ಲಿ ಭಕ್ತಿಯಿಂದ ತುಂಬಿಸಿ, ಮಾರ್ಚ್ ತಿಂಗಳವರೆಗೆ ಅಷ್ಟೇ ಭಕ್ತಿಯಿಂದ ಮರೆಯುತ್ತೇವೆ.

ಕನ್ನಡದ ತಿರುಳ್ನಾಡಿನಲ್ಲಿ ಇಷ್ಟು ಭಾಷೆಗಳ ಗೊಂದಲವೇಕೆಂದು ತಾವು ಹುಬ್ಬೇರಿಸಬಹುದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಇಂದು ಕೊಪ್ಪಳವೆನಿಸಿದ ನಮ್ಮ ಕೊಪಣವನ್ನೂ ಹೆಸರಿಸಿ ಕನ್ನಡದ ತಿರುಳನ್ನು ಗುರುತಿಸಿದುದು ನಮಗೆ ಹೆಮ್ಮೆಯೇ. ಆದರೆ ಅದಕ್ಕೂ ಸಾವಿರ ವರ್ಷಕ್ಕೆ ಮೊದಲೇ ಅಶೋಕ ಚಕ್ರವರ್ತಿಯು ಇದೇ ಊರಿನ ಗವಿಮಠದ ಗುಡ್ಡದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಪ್ರಾಕೃತದಲ್ಲಿ ಶಾಸನ ಕೊರೆಸಿದ್ದನು. ಹತ್ತಿರದ ಕಾಲಕ್ಕೆ ಬಂದರೆ, 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದವರು. ಅಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದು. ಮನೆಯಲ್ಲಿ ಕನ್ನಡವನ್ನಾಡುವ ನಮ್ಮ ಹಿರಿಯರು ಶಾಲೆಯ ಹಿಂದಿನ ಸಾಲಿನಲ್ಲಿ ಕುಳಿತು, ಅರ್ಥವಾಗದ ನುಡಿಯಲ್ಲಿ ಬುದ್ಧಿವಂತರಾಗಬೇಕಾಗಿತ್ತು. ಆ ಅವಮಾನವನ್ನು ನಾವು ಇಂದಿಗೂ ಮರೆತಿಲ್ಲ. ವಿಮೋಚನಾ ದಿನದ ಭಾಷಣಗಳಲ್ಲಿ ತಪ್ಪದೆ ಸ್ಮರಿಸುತ್ತೇವೆ. ಸ್ಮರಿಸಿದ ಮರುದಿನವೇ ತರಗತಿಗೆ ಹೋಗಿ, ಅದೇ ಹಿಂದಿನ ಸಾಲಿನಲ್ಲಿ ತಾಂಡಾದ ಮಗುವನ್ನು ಕುಳ್ಳಿರಿಸಿ, 'ಇದಕ್ಕೆ ಏನೂ ತಿಳಿಯೋದಿಲ್ರೀ' ಎಂದು ನಿಟ್ಟುಸಿರಿಡುತ್ತೇವೆ. ಪರರು ನಮಗೆ ಮಾಡಿದರೆ ಅನ್ಯಾಯ, ನಾವು ಪರರಿಗೆ ಮಾಡಿದರೆ ಪಾಠಯೋಜನೆ!

ನಮ್ಮ ವ್ಯವಸ್ಥೆಗೆ ವೈವಿಧ್ಯವನ್ನು ಸಂಭಾಳಿಸುವ ಬುದ್ಧಿಯೇ ಇಲ್ಲವೆಂದು ಹೇಳಿದರೆ ಅದು ಅಪಚಾರವಾದೀತು. 2021ರ ಡಿಸೆಂಬರಿನಲ್ಲಿ ಕೊಪ್ಪಳವೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆ ಕೊಡಲು ಆರಂಭಿಸಿದಾಗ, ಹಿರಿಯರ ಲೋಕದಲ್ಲಿ ಎಷ್ಟು ಹೇಳಿಕೆಗಳು, ಎಷ್ಟು ಪ್ರತಿಭಟನೆಗಳು! ಮಕ್ಕಳಾದರೋ, ತಿನ್ನುವವರು ಮೊಟ್ಟೆಯನ್ನೂ ತಿನ್ನದವರು ಬಾಳೆಹಣ್ಣನ್ನೂ ಹಿಡಿದು ಒಂದೇ ಸಾಲಿನಲ್ಲಿ ಕುಳಿತು ಉಂಡೆದ್ದರು. ಹೊಟ್ಟೆಗೆ ಎರಡು ದಾರಿಗಳುಂಟೆಂದು ಒಪ್ಪಿದ ಅದೇ ಶಾಲೆಯು ನಾಲಗೆಗೆ ಮಾತ್ರ ಒಂದೇ ದಾರಿಯೆಂದು ಹಟ ಹಿಡಿದಿರುವುದೇಕೆಂಬುದು ನನ್ನ ಅಲ್ಪಮತಿಗೆ ಹೊಳೆಯದು. ಊಟದ ಸಾಲಿನಲ್ಲಿಯೂ ತಮ್ಮ ಗೊಡವೆಯಿಲ್ಲ, ಪುಸ್ತಕದಲ್ಲಿರುವವರಿಗೆ ಹಸಿವಾಗುವುದಿಲ್ಲ.

ಇನ್ನು ನನ್ನ ತರಗತಿ ಹೇಗೆ ನಡೆಯುತ್ತದೆಂದು ಕೇಳಿದರೆ, ಅದು ನಡೆಯುವುದು ನನ್ನಿಂದಲ್ಲ. ಐದನೆಯ ತರಗತಿಯ ಲಂಬಾಣಿ ಹುಡುಗಿಯೊಬ್ಬಳು ತನ್ನ ತರಗತಿಯಿಂದ ಎದ್ದು ಬಂದು, ನಾನು ಹೇಳಿದ ಕಥೆಯನ್ನು ತಾಂಡಾದ ಚಿಕ್ಕವರಿಗೆ ಅವರ ಮಾತಿನಲ್ಲಿ ಹೇಳಿ, ಅವರು ನಕ್ಕ ಬಳಿಕ ಅದೇ ಕಥೆಯನ್ನು ಕನ್ನಡದಲ್ಲಿ ಅವರಿಂದಲೇ ಹೇಳಿಸುತ್ತಾಳೆ. ಕನ್ನಡವು ಆ ಮಕ್ಕಳ ಬಾಯಿಗೆ ಬರುವುದು ಹೀಗೆ, ಅವರ ಮನೆಮಾತಿನ ಕೈಹಿಡಿದು. ಆ ಕೈಯನ್ನು ಬಿಡಿಸಿದೆವೆಂದರೆ ಕನ್ನಡವೂ ಬಾರದು, ಮನೆಮಾತೂ ನಿಲ್ಲದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ ನಲಿ-ಕಲಿ ಎಂಬ ಬೋಧನಕ್ರಮವೂ ಮಗು ತನ್ನ ವೇಗದಲ್ಲಿ, ಜೊತೆಗಾರರಿಂದ ಕಲಿಯಲೆಂದೇ ಹೇಳಿತಷ್ಟೆ. ನನ್ನ ಈ ಸಹಶಿಕ್ಷಕಿಗೆ ಹುದ್ದೆಯಿಲ್ಲ, ವೇತನವಿಲ್ಲ. ತಾಂಡಾದ ಮಾತು ಬಲ್ಲ ಅಕ್ಕನೊಬ್ಬಳನ್ನು ಮೊದಲ ಎರಡು ತರಗತಿಗಳಿಗೆ ನೇಮಿಸಿದರೆ ಖಜಾನೆ ಬರಿದಾಗುತ್ತದೆಂದು ಬಲ್ಲವರು ಹೇಳುವರು. ಆದರೆ ತಮ್ಮಂತಹ ಒಬ್ಬ ವಿದ್ಯಾರ್ಥಿಗಾಗಿ ಇಷ್ಟು ಪುಸ್ತಕಗಳನ್ನು ಅಚ್ಚು ಮಾಡಿಸುವಾಗ ಆ ಖಜಾನೆ ಬರಿದಾಗದಿರುವುದು ದೈವಕೃಪೆಯೆಂದೇ ತಿಳಿಯಬೇಕು.

ಆದಕಾರಣ ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುವುದೇನೆಂದರೆ, ತಾವು ದಯಮಾಡಿ ಈ ಶಾಲೆಯಿಂದ ಟಿ.ಸಿ. ತೆಗೆದುಕೊಳ್ಳಬೇಕು. ಪ್ರಮಾಣಪತ್ರವನ್ನು ನಾನೇ ಬರೆದಿಟ್ಟಿದ್ದೇನೆ. ನಡತೆ: ಅತ್ಯುತ್ತಮ. ಹಾಜರಾತಿ: ಸೊನ್ನೆ. ಶಾಲೆ ಬಿಡಲು ಕಾರಣ: ಸದರಿ ವಿದ್ಯಾರ್ಥಿಯ ಸ್ಥಾನಕ್ಕೆ ಊರಿನ ಮಕ್ಕಳು ಬಂದಿರುತ್ತಾರೆ. ಸಹಿಗಾಗಿ ತಮ್ಮ ಪಾಲಕರನ್ನು ಕಳುಹಿಸಿಕೊಡತಕ್ಕದ್ದು. ಅವರು ರಾಜಧಾನಿಯ ಕಚೇರಿಗಳಲ್ಲಿ ಇರುವರೆಂದು ಕೇಳಿದ್ದೇನೆ.

ಇಂತು ತಮ್ಮ ವಿಧೇಯ,
ಭಾಗ್ಯನಗರದ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕ