ನೂರಕ್ಕೆ ತೊಂಬತ್ತೆಂಟು

ಹಿಂದೂಪುರದ ಯಾವ ಬೀದಿಯಲ್ಲಿ ವಿಚಾರಿಸಿದರೂ ಇಂಟರ್‌ಮೀಡಿಯೆಟ್ ಸಂಸ್ಕೃತದಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವನೊಬ್ಬ ಸಿಕ್ಕೇ ಸಿಗುತ್ತಾನೆ. ಸಂಸ್ಕೃತ ಬಲ್ಲವರು ಬೇಕೆಂದರೆ ಮಾತ್ರ ದೇವಸ್ಥಾನದ ಅರ್ಚಕರ ಮನೆಗೇ ಹೋಗಬೇಕು. ಅವರು ಇಂಟರ್ ಓದಿರುವುದಿಲ್ಲ.

ಈ ತೊಂಬತ್ತೆಂಟು ಎಂಬಾತ ಒಬ್ಬನಲ್ಲ. ಮಡಕಶಿರಾ ಕಡೆಯಿಂದಲೂ ಬರುತ್ತಾನೆ, ಕಲ್ಯಾಣದುರ್ಗದ ಕಡೆಯಿಂದಲೂ ಬರುತ್ತಾನೆ. ಮಾತಿಗೆ ಕುಂದುರ್ಪಿಯವನೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಡಲೆಕಾಯಿ ಹೊಲದಲ್ಲಿ ಎರಡೂ. ಹತ್ತನೇ ಕ್ಲಾಸು ಮುಗಿಸಿ ಹಿಂದೂಪುರದ ಜೂನಿಯರ್ ಕಾಲೇಜಿಗೆ ಗಣಿತ, ಭೌತ, ರಸಾಯನದ ಎಂಪಿಸಿ ಸೇರಲು ಬಂದಾಗ ಅರ್ಜಿಯಲ್ಲಿ ಸೆಕೆಂಡ್ ಲಾಂಗ್ವೇಜ್ ಎಂಬ ಒಂದು ಖಾನೆ. ಇಂಟರ್ ಬೋರ್ಡಿನ ಪಟ್ಟಿಯಲ್ಲಿ ತೆಲುಗು, ಹಿಂದಿ, ಉರ್ದು, ಕನ್ನಡ ಎಲ್ಲವೂ ಇದ್ದವು. ಅಪ್ಪ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ ಗುಮಾಸ್ತರನ್ನು ಕೇಳಿದ್ದು ಒಂದೇ ಮಾತು: "ಇದ್ರಾಗೆ ಯಾವದ್ಕೆ ಮಾರ್ಕ್ಸ್ ಜಾಸ್ತಿ ಬೀಳ್ತಾವೆ ಸಾಮಿ?"

ಗುಮಾಸ್ತರು ತಲೆ ಎತ್ತದೆ ಸಂಸ್ಕೃತ ಎಂದು ಬರೆದುಕೊಂಡರು. ಕಾಳಿದಾಸನಿಗೂ ಕುಂದುರ್ಪಿಗೂ ಸಂಬಂಧ ಕುದುರಿದ್ದು ಹೀಗೆ.

ಲೆಕ್ಕವೇನೋ ಸರಿಯಾಗಿಯೇ ಇದೆ. ಆಗ ಎಂಪಿಸಿಯ ಎರಡು ವರ್ಷಕ್ಕೆ ಒಟ್ಟು 1000 ಅಂಕ, ಅದರಲ್ಲಿ ಎರಡನೇ ಭಾಷೆಗೆ 200. ತೆಲುಗು ತೆಗೆದುಕೊಂಡವನು ಛಂದಸ್ಸಿನ ಗಣ ವಿಭಾಗ ಮಾಡುತ್ತಾ ಎಂಬತ್ತರ ಹತ್ತಿರ ಏದುಸಿರು ಬಿಡುವಾಗ ನಮ್ಮವನು ತೊಂಬತ್ತೆಂಟರ ಮೇಲೆ ಕಾಲು ಚಾಚಿ ಕೂತಿರುತ್ತಾನೆ. ಒಂದು ವಿಚಿತ್ರವನ್ನು ಮಾತ್ರ ಯಾರೂ ಅವರಪ್ಪನಿಗೆ ಹೇಳಲಿಲ್ಲ. ಪ್ರವೇಶ ಪರೀಕ್ಷೆ ಎಂಸೆಟ್‌ನ ರ‍್ಯಾಂಕಿಗೆ ಇಂಟರ್ ಅಂಕಗಳನ್ನು ಶೇಕಡಾ 25ರಷ್ಟು ಸೇರಿಸುತ್ತಿದ್ದರೂ ಲೆಕ್ಕಕ್ಕೆ ಬರುತ್ತಿದ್ದದ್ದು ಗಣಿತ, ಭೌತ, ರಸಾಯನಗಳಷ್ಟೇ. ಸಂಸ್ಕೃತದ ಅಂಕ ಇಂಜಿನಿಯರಿಂಗ್ ಸೀಟಿಗೆ ಮೂರು ಕಾಸಿನ ಉಪಯೋಗಕ್ಕೂ ಬರಲಿಲ್ಲ. ಅದು ಬಂದದ್ದು ಕಾಲೇಜಿನ ಫ್ಲೆಕ್ಸಿಗೆ. ಜೂನ್ ತಿಂಗಳ ಫ್ಲೆಕ್ಸಿನಲ್ಲಿ ಸಾಲಾಗಿ ನಿಂತ ಪಾಸ್‌ಪೋರ್ಟ್ ಸೈಜ್ ಮುಖಗಳಲ್ಲಿ ಎಡದಿಂದ ಹನ್ನೊಂದನೆಯದು ಇವನದು, ಕಣ್ಣು ಮುಚ್ಚಿದೆ.

ಪಾಠ ಹೇಗಾಯಿತೆನ್ನುವಿರಾ? ಗಣಿತದ ಸ್ಲಿಪ್ ಟೆಸ್ಟ್, ರಸಾಯನದ ಸ್ಟಡಿ ಅವರ್ ಎಲ್ಲ ಮುಗಿದು ಉಳಿದ ಹೊತ್ತು ಸಂಸ್ಕೃತದ್ದು. ಲೆಕ್ಚರರ್ ಪಾಪ ನಿಜವಾದ ವಿದ್ವಾಂಸರು. ಮೊದಲ ದಿನ ಉತ್ಸಾಹದಿಂದ ಪಾಣಿನಿಯ ಹೆಸರೆತ್ತಿದರು. ಹಿಂದಿನ ಬೆಂಚಿನಿಂದ "ಸಾರ್, ಇಂಪಾರ್ಟೆಂಟಾ?" ಎಂಬ ಪ್ರಶ್ನೆ ಬಂತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇಲ್ಲಪ್ಪಾ ಎಂದರು. ಅಲ್ಲಿಂದ ಮುಂದೆ ಆ ತರಗತಿಯಲ್ಲಿ ಪಾಣಿನಿ ಕಾಣಿಸಿಕೊಳ್ಳಲಿಲ್ಲ.

ದೇವನಾಗರಿಯಲ್ಲೇ ಬರೆಯಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಶ್ಲೋಕವನ್ನು ತೆಲುಗು ಲಿಪಿಯಲ್ಲಿ ಬರೆದರೂ ನಡೆಯುತ್ತಿತ್ತು, ಸಾರಾಂಶವನ್ನು ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತಿತ್ತು. ಹೀಗಾಗಿ ನಮ್ಮವನು ಕನ್ನಡದಲ್ಲಿ ಯೋಚಿಸಿ, ತೆಲುಗು ಅಕ್ಷರದಲ್ಲಿ ಶ್ಲೋಕ ಬರೆದು, ಇಂಗ್ಲಿಷಿನಲ್ಲಿ ಅರ್ಥ ಹೇಳಿ, ಸಂಸ್ಕೃತದಲ್ಲಿ ಪಾಸಾದ. ಒಂದು ಕಾಲಕ್ಕೆ ಪಠ್ಯದಲ್ಲಿ ಭರ್ತೃಹರಿಯ ನೀತಿಶತಕದ ಮೂರ್ಖಪದ್ಧತಿಯೂ ಇತ್ತು. ಮೂರ್ಖನಿಗೆ ತಿಳಿಹೇಳುವುದು ಯಾರಿಂದಲೂ ಆಗದೆಂದು ಕವಿ ಮತ್ತೆಮತ್ತೆ ಹೇಳುವ ಆ ಭಾಗವನ್ನು ಇವನು ಒಂದಕ್ಷರ ಅರ್ಥವಾಗದೆ ಉರು ಹೊಡೆದ, ಪೂರ್ತಿ ಅಂಕವನ್ನೂ ತೆಗೆದ.

ಅವನಿಗೆ ಮನಸಾರೆ ಒಲಿದದ್ದು ರಾಮ ಶಬ್ದ. ಹಿಂದೂಪುರದಲ್ಲಿ ರಾಮ ಶಬ್ದ ಕಷ್ಟವಾಗಬಾರದು. ತೆರೆಯ ಮೇಲೆ ರಾಮನಾದ ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಇಲ್ಲಿಂದಲೇ ಶಾಸಕರಾದವರು. ಎಂಟು ವಿಭಕ್ತಿ, ಮೂರು ವಚನ, ಒಟ್ಟು 24 ಮನೆ. ಊರಿನಿಂದ ಪಾವಗಡದ ಮೇಲೆ ಬರುವ ಬಸ್ಸಿನಲ್ಲಿ ಮೊಣಕಾಲ ಮೇಲೆ ಗೈಡು ಬಿಚ್ಚಿಟ್ಟುಕೊಂಡು ಇವನು ಅದನ್ನು ಪರೀಕ್ಷಿಸಿದ್ದು ಹುಣಸೆ ಮಾರ್ಕೆಟ್ಟಿನ ದಲ್ಲಾಳಿ ಮಾಲು ನೋಡುವ ಹಾಗೆ. ರಾಮೌ ಮೂರು ಕಡೆ ಬರುತ್ತದೆ. ರಾಮಾಭ್ಯಾಮ್ ಮೂರು ಕಡೆ. ರಾಮಾಃ, ರಾಮೇಭ್ಯಃ, ರಾಮಯೋಃ ಎರಡೆರಡು ಕಡೆ. ಬಸ್ಸು ಆಂಧ್ರ ಬಿಟ್ಟು ಕರ್ನಾಟಕಕ್ಕೆ ಹೊಕ್ಕು, ಅಂಗಡಿ ಬೋರ್ಡುಗಳೆಲ್ಲ ಕನ್ನಡವಾಗಿ, ಮತ್ತೆ ಆಂಧ್ರಕ್ಕೆ ಬಂದು ತೆಲುಗಾಗುವಷ್ಟರಲ್ಲಿ ಲೆಕ್ಕ ಮುಗಿದಿತ್ತು. 24 ಮನೆಗೆ 17 ಕಲಿತರೆ ಸಾಕು, 7 ಪುಕ್ಕಟೆ. ಪಾಣಿನಿಯನ್ನು ಈ ದಿಕ್ಕಿನಿಂದ ಮೆಚ್ಚಿದವರು ಹೆಚ್ಚು ಜನ ಇರಲಾರರು.

ಇದು ನಮ್ಮ ಸೀಮೆಯ ರೋಗ ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಸೇರಲು 1960ರ ಹೊತ್ತಿನವರೆಗೂ ಲ್ಯಾಟಿನ್ ಬೇಕಾಗಿತ್ತು. ಅಲ್ಲಿಯ ಹುಡುಗರಿಗೆ ರಾಮನ ಬದಲು ಮೇಜು. ಮೇನ್ಸಾ ಎಂಬ ಶಬ್ದವನ್ನು ವಿಭಕ್ತಿಗಳಲ್ಲಿ ಓಡಿಸಬೇಕು. ಬಾಲಕ ಚರ್ಚಿಲ್ ಅದರ ಸಂಬೋಧನೆಗೆ ಬಂದಾಗ, ಮೇಜನ್ನು ಯಾಕೆ ಕರೆಯಬೇಕು, ನಾನಂತೂ ಕರೆಯುವುದಿಲ್ಲ ಎಂದು ಮೇಷ್ಟ್ರಿಗೇ ಹೇಳಿ ಶಿಕ್ಷೆಯ ಬೆದರಿಕೆ ಪಡೆದದ್ದನ್ನು 1930ರ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ನಮ್ಮ ತೊಂಬತ್ತೆಂಟಿಗೆ ಆ ತಕರಾರಿಲ್ಲ. ಸಂಬೋಧನೆ ಎಂದರೆ ಹೇ ರಾಮ. ಫಿಸಿಕ್ಸ್ ಪೇಪರ್ ಕೈಗೆ ಬಂದ ದಿನ ಅದನ್ನು ಸಹಜವಾಗಿಯೇ ಬಳಸಿದ.

ಓದು ಮುಗಿಯಿತು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಸಂಸ್ಕೃತದ ನಿಜವಾದ ಬಾಳಿಕೆ ಶುರುವಾದದ್ದು ಆಮೇಲೆ. ಆಫೀಸಿನ ಗೆಳೆಯರನ್ನು ಒಂದು ಭಾನುವಾರ ಲೇಪಾಕ್ಷಿಗೆ ಕರೆತಂದ. ನಂದಿ ತೋರಿಸಿದ, ನೆಲಕ್ಕೆ ತಾಕದ ಕಂಬದ ಕೆಳಗೆ ಟವೆಲ್ ಎಳೆದು ತೋರಿಸಿದ. ವೀರಭದ್ರನ ಗುಡಿಯ ಗೋಡೆಯ ಮೇಲಿನ ಶಾಸನ ಕಂಡು ಗೆಳೆಯನೊಬ್ಬ, ನೀನು ಸಂಸ್ಕೃತ ಓದಿದವನಲ್ಲವೇ, ಇದೇನು ಬರೆದಿದೆ ಹೇಳು ಎಂದ. ಇವನು ಮೂಗು ತಾಗುವಷ್ಟು ಹತ್ತಿರ ಹೋಗಿ, ಸ್ವಲ್ಪ ಹಿಂದೆ ಸರಿದು, ಗಂಭೀರವಾಗಿ ಹೇಳಿದ:

"ಸಂಸ್ಕೃತ. ತುಂಬಾ ಹಳೇದು. ದಾನಕ್ಕೆ ಸಂಬಂಧಪಟ್ಟದ್ದು."

ಪಕ್ಕದಲ್ಲಿ ಇನ್ನೊಂದು ಗುಂಪಿಗೆ ವಿವರಿಸುತ್ತಿದ್ದ ಗೈಡ್ ಇತ್ತ ತಿರುಗಿ, "ಅದು ಕನ್ನಡ ಸಾರ್" ಎಂದ.

ಹೇಮಾವತಿಯಲ್ಲಿ ನೊಳಂಬರು ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಶಾಸನ ಹಾಕಿಸಿದ ಸೀಮೆಯ ಹುಡುಗ ಇವನು. ಬೇರೆಯವನಾಗಿದ್ದರೆ ಮುಖ ಬಾಡುತ್ತಿತ್ತು. ತೊಂಬತ್ತೆಂಟು ತೆಗೆದ ಮುಖ ಅಷ್ಟು ಸುಲಭಕ್ಕೆ ಬಾಡುವುದಿಲ್ಲ. "ಅಷ್ಟು ಹಳೇ ಕನ್ನಡ ಅಂದ್ರೆ ಸಂಸ್ಕೃತಾನೇ ಕಣಯ್ಯಾ" ಎಂದು ಗೆಳೆಯರನ್ನು ಊಟದ ಹೋಟೆಲಿನ ಕಡೆ ಹೊರಡಿಸಿದ. ದಾನಕ್ಕೆ ಸಂಬಂಧಪಟ್ಟದ್ದೆಂಬುದಂತೂ ತಪ್ಪಿರಲಾರದು. ಗುಡಿಯ ಗೋಡೆಯ ಮೇಲೆ ಇನ್ನೇನು ಬರೆಸುತ್ತಾರೆ.

ಈಗ ಅವನು ತನ್ನ ಅಪಾರ್ಟ್‌ಮೆಂಟಿನ ಆಸ್ಥಾನ ವಿದ್ವಾಂಸ. ಯಾರ ಮನೆಯಲ್ಲಿ ಮಗು ಹುಟ್ಟಿದರೂ ಹೆಸರಿನ ಅರ್ಥ ಕೇಳಲು ಇವನಲ್ಲಿಗೆ ಬರುತ್ತಾರೆ. ಇಂಟರ್‌ನೆಟ್ಟಿನಿಂದ ಹೆಕ್ಕಿ ತಂದ ಎಂಥ ಹೆಸರಿಗೂ ಇವನ ಬಳಿ ಉತ್ತರ ಸಿದ್ಧ. ಗಂಡು ಮಗುವಾದರೆ ಅದು ವಿಷ್ಣುವಿನ ಒಂದು ಹೆಸರು, ಹೆಣ್ಣಾದರೆ ಲಕ್ಷ್ಮಿಯದು. ವಿಷ್ಣುವಿಗೆ ಸಾವಿರ ಹೆಸರಿರುವಾಗ ಎಣಿಸಿ ನೋಡುವವರು ಯಾರು? ಈ ಉಪಾಯಕ್ಕೂ ನೂರಕ್ಕೆ ತೊಂಬತ್ತೆಂಟು ಕೊಡಬಹುದು.

ಮೊನ್ನೆ ಮೂರನೇ ಮಹಡಿಯವರ ಮನೆಯಲ್ಲಿ ಅವಳಿ ಗಂಡು ಮಕ್ಕಳು. "ಯಾರೂ ಇಟ್ಟಿರಬಾರದು ಸಾರ್, ಸಂಸ್ಕೃತದಲ್ಲೇ ಇರಬೇಕು, ಇಬ್ಬರಿಗೂ ಜೋಡಿಯಾಗಬೇಕು" ಎಂದು ಆ ತಂದೆ ಕೈಮುಗಿದು ನಿಂತರು. ಇಬ್ಬರು ಎಂದದ್ದೇ ತಡ, ನಮ್ಮವನಿಗೆ ದ್ವಿವಚನ ನೆನಪಾಯಿತು. ಇಷ್ಟು ವರ್ಷದಲ್ಲಿ ಅದು ಬೇಕಾದದ್ದು ಇದೇ ಮೊದಲು. ಮೂರು ಮನೆಗೆ ಒಂದೇ ಸಲ ಬರುವ, ಎಂದೂ ಕೈಕೊಡದ ರೂಪವನ್ನೇ ಹೇಳಿಬಿಟ್ಟ. ತಂದೆಗೆ ಅದರ ನಾದ ಬಹಳ ಹಿಡಿಸಿತು. ಒಂದೇ ಹೆಸರನ್ನು ಇಬ್ಬರಿಗೆ ಇಡಲಾಗದಲ್ಲ ಎಂದು ಅವರೇ ಕೂತು ಎರಡಾಗಿ ಮುರಿದುಕೊಂಡರು. ದೊಡ್ಡವನು ರಾಮ್, ಚಿಕ್ಕವನು ಅಭ್ಯಾಮ್. ನಾಮಕರಣದ ದಿನ ಪುರೋಹಿತರು ಎರಡನೆಯ ಹೆಸರನ್ನು ಮೂರು ಸಲ ಕೇಳಿಸಿಕೊಂಡು, ಇದರ ಅರ್ಥವೇನಪ್ಪಾ ಎಂದರು. ತಂದೆ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಉತ್ತರ ಬಂತು:

"ವಿಷ್ಣುವಿನ ಹೆಸರೇ, ಸ್ವಾಮಿಗಳೇ."