ಕಪ್ಪು ಕಾರಿನ ಕರ್ಮ

ಕಪ್ಪು ಕಾರು ಕೊಳ್ಳುವವರಿಗೆ ಶೋರೂಮಿನವರು ಮೈಲೇಜು, ವಿಮೆ, ಸಾಲದ ಕಂತು ಎಲ್ಲವನ್ನೂ ವಿವರಿಸುತ್ತಾರೆ. ಬಿಸಿಲಿನ ವಿಷಯ ಮಾತ್ರ ಎತ್ತುವುದಿಲ್ಲ. ನಮ್ಮ ಎದುರುಮನೆ ರಾಯರು ತಮ್ಮ ಕಪ್ಪು ಕಾರನ್ನು ಪೋರ್ಟಿಕೋದ ನೆರಳಲ್ಲೇ ನೋಡಿಕೊಂಡು ಸುಖವಾಗಿದ್ದವರು. ಭಾದ್ರಪದದಲ್ಲಿ ಮಳೆ ಬಿಟ್ಟ ಒಂದು ಬೆಳಿಗ್ಗೆ ಯಾರೋ ನೆಂಟರ ಗಾಡಿಗೆ ಜಾಗ ಮಾಡಿಕೊಡಲು ಅದನ್ನು ರಸ್ತೆಗೆ ತಂದರು. ಎಳೆಬಿಸಿಲು ಬಾನೆಟ್ ಮೇಲೆ ಬಿತ್ತು. ರಾಯರು "ಅಯ್ಯೋ!" ಎಂದದ್ದು ನಮ್ಮ ಅಡುಗೆಮನೆಗೂ ಕೇಳಿಸಿತು.

ಓಡಿಹೋಗಿ ನೋಡಿದರೆ, ಬಾನೆಟ್ಟಿನಲ್ಲಿ ಸೂರ್ಯನ ಬಿಂಬ. ಅದರ ಸುತ್ತ ನವಿರಾದ ಗೀರುಗಳು, ವೃತ್ತದೊಳಗೆ ವೃತ್ತ, ಲೆಕ್ಕವಿಲ್ಲದಷ್ಟು.

"ನೋಡಿ ಸ್ವಾಮಿ, ಯಾರೋ ಬೇಕಂತಲೇ ಸುತ್ತಸುತ್ತ ಗೀಚಿದ್ದಾರೆ. ಹೊಟ್ಟೆಕಿಚ್ಚಿನ ಕೆಲಸ ಇದು" ಎಂದ ರಾಯರು ಬೀದಿಯ ಒಂದೊಂದೇ ಮನೆಯ ಕಡೆ ನೋಡುತ್ತ ಬಂದು, ಕೊನೆಗೆ ದೃಷ್ಟಿಯನ್ನು ನನ್ನ ಮೇಲೆ ನಿಲ್ಲಿಸಿದರು. ನನ್ನದು ಬಿಳಿ ಕಾರು, ಅದೂ ಹಳೆಯದು. ಹೊಟ್ಟೆಕಿಚ್ಚಿಗೆ ಬೇಕಾದ ಅರ್ಹತೆಗಳೆಲ್ಲ ನನ್ನಲ್ಲಿದ್ದವು.

ಮಾನ ಉಳಿಸಿಕೊಳ್ಳಲು ಭೌತಶಾಸ್ತ್ರದ ಮೊರೆಹೋದೆ. "ರಾಯರೇ, ಎರಡು ಹೆಜ್ಜೆ ಪಕ್ಕಕ್ಕೆ ಬನ್ನಿ." ಬಂದರು. ವೃತ್ತಗಳೂ ಅವರ ಜೊತೆಗೇ ಬಂದವು. ಗೀರುಗಳು ನಿಜಕ್ಕೂ ಸುತ್ತಿಕೊಂಡಿರುವುದಿಲ್ಲ. ಉದ್ದ, ಅಡ್ಡ, ಓರೆ ಎಂದು ಸಿಕ್ಕಸಿಕ್ಕ ದಿಕ್ಕಿಗೆ ಬಿದ್ದಿರುತ್ತವೆ. ಅವುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗಿ ಕಣ್ಣಿಗೆ ಬೀಳುತ್ತವೆ, ಮಿಕ್ಕವು ಸುಮ್ಮನಿರುತ್ತವೆ. ಉಜ್ಜಿ ಹಳತಾದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೂ ಇದೇ ಕಾಣುತ್ತದೆ. ಅದಕ್ಕಾಗಿ ಯಾರೂ ಎದುರುಮನೆಯವರನ್ನು ಅನುಮಾನಿಸುವುದಿಲ್ಲ.

"ಸರಿ, ಹಾಗಾದರೆ ಗೀಚಿದ್ದು ಯಾರು?"

ಉತ್ತರ ರಾಯರ ಹೆಗಲ ಮೇಲೇ ಇತ್ತು: ಹಳದಿ ಬಟ್ಟೆ. ಪೇಪರು ಬಿಚ್ಚುವ ಮೊದಲೊಮ್ಮೆ, ಕಾಫಿ ಕುಡಿದ ಮೇಲೊಮ್ಮೆ ಅವರು ಕಾರು ಒರೆಸದ ದಿನವಿಲ್ಲ. ಒಣ ಧೂಳಿನ ಮೇಲೆ ಒಣ ಬಟ್ಟೆ. ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ. ಮರಳಿನಲ್ಲಿರುವ ಕ್ವಾರ್ಟ್ಝ್ ಮೋಸ್ ಮಾಪನದಲ್ಲಿ 7ನೆಯ ಗಡಸುತನದ್ದು, ಗಾಜನ್ನೂ ಗೀರಬಲ್ಲದು. ಕಾರಿನ ಮೇಲ್ಪದರವೋ ಪ್ಲಾಸ್ಟಿಕ್ ಜಾತಿಯದು, ಪಾಪ. ಮೇಲಾಗಿ ನಮ್ಮ ಬೀದಿಯ ಕಾರು ಒರೆಸುವ ಹುಡುಗ. ನಸುಕಿನಲ್ಲಿ ಒಂದು ಬಕೆಟ್ಟು, ಒಂದು ಹರಿದ ಬನಿಯನ್ನು ಹಿಡಿದು ಬಂದು, ಸಾಲಾಗಿ ನಿಂತ ಕಾರುಗಳನ್ನೆಲ್ಲ ಅದೇ ನೀರಿನಲ್ಲಿ ಮುಗಿಸುತ್ತಾನೆ. ನನ್ನ ಕಾರಿನ ಮಣ್ಣು ರಾಯರದಕ್ಕೆ, ರಾಯರದು ಮೂಲೆಮನೆ ಡಾಕ್ಟರದಕ್ಕೆ. ಇಂಥ ಸಹಬಾಳ್ವೆ ನಮ್ಮ ಬೀದಿಯಲ್ಲಿ ಬೇರೆ ಯಾವ ವಿಷಯದಲ್ಲೂ ಇಲ್ಲ. 2024ರ ಮಾರ್ಚಿನ ನೀರಿನ ಬರದಲ್ಲಿ, ಬೆಂಗಳೂರಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶವಾಯಿತಲ್ಲ, ಆಗ ಆ ಒಂದು ಬಕೆಟ್ಟೂ ಅರ್ಧಕ್ಕಿಳಿದಿತ್ತು.

ಆ ಭಾನುವಾರ ಸಲಹೆಗಾರರು ಬಂದರು. ಟೂತ್‌ಪೇಸ್ಟ್ ಹಚ್ಚಿ ಎಂದವರು ಡಾಕ್ಟರು. ಅದು ಪೂರ್ತಿ ಸುಳ್ಳೂ ಅಲ್ಲ. ಹಲ್ಲುಜ್ಜುವ ಪೇಸ್ಟಿನಲ್ಲಿ ಸಣ್ಣಗೆ ಉಜ್ಜುವ ಪುಡಿಯಿರುತ್ತದೆ. ಆದರೆ ಬೆರಳಗಲ ಜಾಗಕ್ಕೆ ಒಂದು ಸಂಜೆ ಹಿಡಿದರೆ ಇಡೀ ಕಾರಿಗೆ ಎಷ್ಟು ಟ್ಯೂಬು, ಎಷ್ಟು ಜನ್ಮ? ರಾಯರ ತಾಯಿ ಕೊಬ್ಬರಿ ಎಣ್ಣೆ ಸವರಿದರು. ಪವಾಡ! ಗೀರುಗಳೆಲ್ಲ ಮಾಯ. ಎಣ್ಣೆ ಗೀರಿನೊಳಗೆ ತುಂಬಿಕೊಂಡಾಗ ಬೆಳಕು ಚದುರುವುದಿಲ್ಲ, ಅಷ್ಟೆ. ಸಂಜೆಯ ಹೊತ್ತಿಗೆ ಆ ಎಣ್ಣೆಗೆ ಬೀದಿಯ ಧೂಳೆಲ್ಲ ಮೆತ್ತಿಕೊಂಡಿತು. ಅಗ್ಗದ ಪಾಲಿಶ್‌ಗಳು ಮಾಡುವುದೂ ಇದನ್ನೇ, ಅವುಗಳ ಪರಿಮಳ ಮಾತ್ರ ಬೇರೆ.

ಕೊನೆಗೆ ಡೀಟೇಲಿಂಗ್ ಹುಡುಗ ಬಂದ. ಟಾರ್ಚು ಬಿಟ್ಟು ನೋಡಿದ, ಗೀರಿನ ಮೇಲೆ ಅಡ್ಡಡ್ಡ ಉಗುರು ಎಳೆದ. "ಉಗುರು ಸಿಕ್ಕಿಕೊಂಡ್ರೆ ಪೇಂಟಿಂಗು, ಸಿಕ್ಕಿಕೊಳ್ದಿದ್ರೆ ಪಾಲಿಶಿಂಗು. ನಿಮ್ದು ಪಾಲಿಶಿಂಗ್ ಸಾರ್." ಆಮೇಲೆ ಸಣ್ಣ ಮೀಟರೊಂದನ್ನು ಬಾನೆಟ್ಟಿಗೆ ಒತ್ತಿದ. 110 ಮೈಕ್ರಾನ್.

"ಅಂದರೆ?"

"ಪ್ರೈಮರು, ಬಣ್ಣ, ಅದರ ಮೇಲಿನ ಕ್ಲಿಯರ್ ಕೋಟು ಎಲ್ಲಾ ಸೇರಿ ಸಾರ್. ಕ್ಲಿಯರ್ ಕೋಟು ಒಂದು ನಲವತ್ತು ಇರಬಹುದು. ತಲೆಗೂದಲಿಗಿಂತ ತೆಳು."

ರಾಯರು ಕೂತುಬಿಟ್ಟರು. ಇಷ್ಟು ಲಕ್ಷ ಸುರಿದು ತಂದ ಹೊಳಪು ತಮ್ಮ ತಲೆಯ ಮೇಲೆ ಅಳಿದುಳಿದ ಕೂದಲಿಗಿಂತಲೂ ತೆಳು ಎಂಬುದನ್ನು ಅರಗಿಸಿಕೊಳ್ಳಲು ಯಾರಿಗಾದರೂ ಸಮಯ ಬೇಕು. ನಿಜವಾದ ಆಘಾತ ಮುಂದೆ ಕಾದಿತ್ತು. ಪಾಲಿಶಿಂಗ್‌ನಲ್ಲಿ ಗೀರನ್ನು ಯಾರೂ ಮುಚ್ಚುವುದಿಲ್ಲ. ರಸ್ತೆಯ ಗುಂಡಿ ಮುಚ್ಚುವ ಬದಲು ಇಡೀ ರಸ್ತೆಯನ್ನೇ ಗುಂಡಿಯ ಆಳಕ್ಕೆ ಕೆರೆದು ಸಮ ಮಾಡಿದ ಹಾಗೆ, ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಇಳಿಸುತ್ತಾರೆ. (ನಮ್ಮ ನಗರದ ಗುತ್ತಿಗೆದಾರರ ಕಿವಿಗೆ ಈ ಉಪಾಯ ಬೀಳದಿರಲಿ.) ಒಂದು ಸಲದ ಪಾಲಿಶಿಂಗ್‌ಗೆ ಒಂದೋ ಎರಡೋ ಮೂರೋ ಮೈಕ್ರಾನ್ ಹೋಗುತ್ತದೆ. ಹೋದದ್ದು ಹೋಯಿತು. ಪದರವನ್ನು ತೀರಾ ತೆಳು ಮಾಡಿದರೆ ಬಿಸಿಲಿಗೆ ಅದು ಬೇಗ ಕೆಡುತ್ತದೆ.

ಹುಡುಗ ಎರಡು ಬಕೆಟ್ಟು ಇಟ್ಟುಕೊಂಡು ತೊಳೆದ. ಒಂದರಲ್ಲಿ ಶಾಂಪೂ, ಇನ್ನೊಂದು ಕೈಗವುಸು ಜಾಲಾಡಿಸಲು. ಮೆತ್ತನೆಯ ಕ್ಲೇ ಉಂಡೆಯನ್ನು ಜಾರಿಸುತ್ತ ತೊಳೆದರೂ ಬಿಡದ ಕಣಗಳನ್ನು ಎಬ್ಬಿಸಿದ. ಅಂಚುಗಳಲ್ಲಿ ಪದರ ಇನ್ನೂ ತೆಳುವಾಗಿರುವುದರಿಂದ ಅಲ್ಲೆಲ್ಲ ಟೇಪು ಅಂಟಿಸಿದ. ಗ್ಯಾರೇಜುಗಳಲ್ಲಿ ಒಂದೇ ಸಮನೆ ಗಿರ್ರೆಂದು ತಿರುಗುವ ರಬ್ಬಿಂಗ್ ಮೆಷಿನ್ನು ಅವನದಲ್ಲ. ಅದು ಕೈ ತಪ್ಪಿದರೆ ಬಣ್ಣ ಸುಡುತ್ತದೆ, ತಾನೇ ಹೊಸ ಸುಳಿ ಬಿಡಿಸುತ್ತದೆ. ಇವನದು ತಿರುಗುತ್ತಲೇ ಓಲಾಡುವ ಜಾತಿ. ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ ಮೂರ್ನಾಲ್ಕು ಹನಿ ಕಾಂಪೌಂಡು. ಅದರಲ್ಲಿರುವುದು ಅಲ್ಯೂಮಿನಿಯಂ ಆಕ್ಸೈಡಿನ ಹಿಟ್ಟು. ನಿಧಾನಕ್ಕೆ ಅಡ್ಡ, ಆಮೇಲೆ ಉದ್ದ. ಗೀರು ತೆಗೆಯಲು ಇನ್ನೂ ಸಣ್ಣ ಗೀರುಗಳನ್ನು, ಕಣ್ಣಿಗೆ ಕಾಣದಷ್ಟು ಸಣ್ಣವನ್ನು, ಎಳೆಯುವುದೇ ಈ ವಿದ್ಯೆಯ ಗುಟ್ಟು.

ರಾಯರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. "ಸಾಕಪ್ಪಾ ಸಾಕು, ಒಂದೆರಡು ಮೈಕ್ರಾನ್ ಉಳಿಸು. ಮಗನ ಮದುವೆಗೂ ಒಮ್ಮೆ ಪಾಲಿಶ್ ಮಾಡಿಸಬೇಕು!"

ಕೊನೆಗೆ ಬಾನೆಟ್ಟಿನಲ್ಲಿ ಆಕಾಶ ಕಂಡಿತು. ನಿಜ ಹೇಳುತ್ತೇನೆ, ನಾನು ನನ್ನ ಬಿಳಿ ಕಾರಿನ ಕಡೆ ತಿರುಗಿ ನೋಡಲಿಲ್ಲ. ಬಿಳಿಯಲ್ಲೂ ಅಷ್ಟೇ ಗೀರುಗಳಿರುತ್ತವೆ, ಹಿಂದಿನ ಬಣ್ಣವೇ ಬೆಳಕು ಚೆಲ್ಲುವುದರಿಂದ ಕಾಣುವುದಿಲ್ಲ. ನನಗೆ ಅಷ್ಟು ಸಾಕು.

ಹುಡುಗ ಹೊರಡುವ ಮುನ್ನ ಸೆರಾಮಿಕ್ ಕೋಟಿಂಗ್ ಮಾತು ತೆಗೆದ. "9ಹೆಚ್ ಸಾರ್, ವಜ್ರ ಇದ್ದಂಗೆ." ಆ 9ಹೆಚ್ ಪೆನ್ಸಿಲ್ಲಿನ ಗಡಸುತನದ ಅಳತೆ, ವಜ್ರಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಮೂಗು ತೂರಿಸಿದೆ. ಜಪಾನಿನ ನಿಸ್ಸಾನ್ ಕಂಪನಿ 2005ರಲ್ಲೇ ಸಣ್ಣ ಗೀರುಗಳು ತಾವಾಗಿಯೇ ಮಾಯುವ ಮೇಲ್ಪದರವನ್ನು ಪ್ರಕಟಿಸಿತ್ತು ಎಂದೂ ಸೇರಿಸಿದೆ. ಇಬ್ಬರಿಗೂ ನನ್ನ ಮಾತು ಹಿಡಿಸಲಿಲ್ಲ. ಹುಡುಗ ರಾಯರಿಗೆ ಗಂಭೀರವಾಗಿ ಹೇಳಿದ: "ಏನೇ ಬಿದ್ರೂ ಒಣಬಟ್ಟೇಲಿ ಒರೆಸಬೇಡಿ ಸಾರ್. ಮೊದ್ಲು ನೀರು ಬಿಡಿ." ಈ ಉಪದೇಶವೂ ಬಿಲ್ಲಿನಲ್ಲಿ ಸೇರಿತ್ತೆಂದು ಮೊತ್ತ ನೋಡಿದಾಗ ತಿಳಿಯಿತು.

ಕೆಲವೇ ದಿನಗಳಲ್ಲಿ ಆಯುಧಪೂಜೆ. ಚಕ್ರದ ಕೆಳಗೆ ನಿಂಬೆಹಣ್ಣು, ಕಂಬಕ್ಕೆ ಬಾಳೆಕಂದು. ರಾಯರ ತಾಯಿ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಗೆ ತೆಗೆದುಕೊಂಡು ಬಾನೆಟ್ಟಿನ ನಟ್ಟನಡುವೆ ಎಳೆದರು, ನಡುವೆ ಕುಂಕುಮವಿಟ್ಟರು. ರಾಯರ ಮುಖ ಬಿಳುಪೇರಿತು. ಕೈ ತಾನಾಗಿ ಹೆಗಲಿನ ಬಟ್ಟೆಗೆ ಹೋಯಿತು.

"ಒರೆಸೀಯ, ಜೋಕೆ!" ಎಂದು ಮುದುಕಿ ಗದರಿದರು. "ಮಳೆ ಬಂದಾಗ ತಾನೇ ತೊಳೆದು ಹೋಗುತ್ತೆ."